ಸಪ್ಪಲಮ್ಮನ ವಾರದಲ್ಲಿ ಹಾಕಿದ ಒಗ್ಗರಣೆ

ರಘು, ಚೇತನಾ, ಪುಟ್ಟ ಅನು, ನಿಮ್ಮ ಮೂವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನಗೆ ಮಾತು ಕಡಿಮೆ, ನಿಮಗೇ ಗೊತ್ತು. ಹಳ್ಳಿಯ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಮೇಷ್ಟ್ರು ಪ್ರಶ್ನೆ ಕೇಳಿದರೆ ಬಾಯಿ ಬಿಡದೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಅದೇ ಮಾಡುತ್ತಿದ್ದೇನೆ ಅಂದುಕೊಳ್ಳಿ.

ಮೊನ್ನೆ ಹಬ್ಬದ ವಾರದಲ್ಲಿ ಮೇಲಿನ ಮಹಡಿಯ ಬಾಡಿಗೆಯವರು ಮಧ್ಯಾಹ್ನ ಒಗ್ಗರಣೆ ಹಾಕಿದರು. ಬೆಳ್ಳುಳ್ಳಿ, ಸಾಸಿವೆ, ಒಣಮೆಣಸಿನಕಾಯಿಯ ಘಾಟು ಕಿಟಕಿಯಿಂದ ಒಳಗೆ ಬಂತು. ನಾನು ದಡಕ್ಕನೆ ಎದ್ದು ಹೋಗಿ ಕಿಟಕಿ ಹಾಕಿದೆ. ಚೇತನಾ ನಕ್ಕಳು. "ಯಾಕಜ್ಜಿ, ಸೂಪರ್ ಸ್ಮೆಲ್ ಬರ್ತಾ ಇತ್ತಲ್ಲ, ಬಾಗ್ಲು ಕಿಟಕಿ ಎಲ್ಲ ಹಾಕ್ಬಿಟ್ರಿ?" ಅಂದಳು. "ಏನಿಲ್ಲ ಕಣೇ" ಅಂದೆ. ಏನಿಲ್ಲ ಅಂದದ್ದು ಸುಳ್ಳು. ಆ ವಾಸನೆಗೆ, ಹದಿನೇಳು ವರ್ಷದವಳಾಗಿದ್ದಾಗ ಆದಂತೆಯೇ ನನ್ನ ಮುಖ ಬಿಸಿಯಾಗಿತ್ತು.

ನಾನು ಸೊಸೆಯಾಗಿ ಬಂದಾಗ ಇಲ್ಲಿ ವಿಜಯನಗರ ಅನ್ನುವ ಹೆಸರನ್ನು ಯಾರೂ ಕೇಳಿರಲಿಲ್ಲ. ಹೊಸಹಳ್ಳಿಗೂ ಮಾರೇನಹಳ್ಳಿಗೂ ನಡುವೆ ನಮ್ಮದು ಎಪ್ಪತ್ತು ಮನೆಯ ಹಳ್ಳಿ. ಸುತ್ತ ರಾಗಿ ಹೊಲ, ಬಾವಿಯ ಪಕ್ಕದಲ್ಲಿ ಸೊಪ್ಪಿನ ಮಡಿಗಳು. ದಂಟು, ಮೆಂತ್ಯ, ಕೊತ್ತಂಬರಿ ಕಿತ್ತು ಕಟ್ಟು ಕಟ್ಟಿ ಗಾಡಿಯಲ್ಲಿ ಮಾರ್ಕೆಟ್ಟಿಗೆ ಕಳಿಸುತ್ತಿದ್ದೆವು. ರಾಜಾಜಿನಗರದ ಕಡೆ ಹೊಸ ಮನೆಗಳ ಗೋಡೆಗಳು ಏಳುತ್ತಿದ್ದವು. ಬೆಳಿಗ್ಗೆ ಗಾಳಿ ಆ ಕಡೆಯಿಂದ ಬೀಸಿದರೆ ಕಲ್ಲು ಕುಟಿಗರ ಸದ್ದು ನಮ್ಮ ಹಿತ್ತಲಿಗೆ ಕೇಳುತ್ತಿತ್ತು. ನಿಮ್ಮ ತಾತ ಬಟ್ಟೆ ಗಿರಣಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಮನೆಯಲ್ಲಿ ನಾನು, ಅತ್ತೆ ಕೆಂಪಮ್ಮ, ಸದಾ ಕೆಮ್ಮುತ್ತಿದ್ದ ಮಾವ.

ಈಗ ನೀವು ನೋಡುವ ಸಪ್ಪಲಮ್ಮನ ಗುಡಿಗೆ ಬಣ್ಣದ ಗೋಪುರ ಇದೆ, ಗ್ರಾನೈಟ್ ನೆಲ ಇದೆ. ಆಗ ಇದ್ದದ್ದು ಬೇವಿನ ಮರದ ಕೆಳಗೆ ಒಂದು ಹೆಂಚಿನ ಗುಡಿ, ಒಳಗೆ ಮೂರು ಕಲ್ಲು, ನಡುವಿನ ಕಲ್ಲಿಗೆ ಬೆಳ್ಳಿಯ ಕಣ್ಣು. ಹೆಂಚು ಹಾಕಿದ್ದೂ ನಮ್ಮ ಮಾವನ ಕಾಲದಲ್ಲಿ. ಅದಕ್ಕೂ ಮುಂಚೆ ಬರೀ ಮರ ಮತ್ತು ಕಲ್ಲು. ಪೂಜಾರಿಯ ತಾಯಿ ಮುನಿಯಜ್ಜಿ ಅದರ ಕಥೆ ಹೇಳುತ್ತಿದ್ದರು. ಬಹಳ ಹಿಂದೆ ಊರಿಗೆ ಸಿಡುಬು ಬಂದು ಜನವೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರಂತೆ. ಒಬ್ಬಳು ತಾಯಿ ಮಾತ್ರ ಕಾಯಿಲೆಯ ಮಗುವನ್ನು ಕಟ್ಟಿಕೊಂಡು ಊರೊಳಗೇ ಉಳಿದಳಂತೆ. ಉಪ್ಪು ಖಾರ ಒಗ್ಗರಣೆ ಏನೂ ಇಲ್ಲದ ಸಪ್ಪೆ ಗಂಜಿ ಕುಡಿಸಿ ಮಗುವನ್ನು ಉಳಿಸಿಕೊಂಡಳಂತೆ. ಜನ ಮರಳಿ ಬಂದು ನೋಡಿದರೆ ಬೇವಿನ ಮರದ ಬುಡದ ಕಲ್ಲಿನ ಮುಂದೆ ದೀಪ ಉರಿಯುತ್ತಿತ್ತು, ತಾಯಿ ಎಲ್ಲಿ ಹೋದಳೋ ಗೊತ್ತಿಲ್ಲ, ಮಗು ಆಡುತ್ತಿತ್ತು. ಅಂದಿನಿಂದ ಆ ಕಲ್ಲು ಸಪ್ಪಲಮ್ಮ. ಹಬ್ಬದ ಎಂಟು ದಿನ ಅಮ್ಮ ಎಲ್ಲರ ಮನೆಗೂ ಬಂದಿರುತ್ತಾಳೆ ಅಂತ ಲೆಕ್ಕ. ಹಾಗಾಗಿ ಯಾರೂ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಎಣ್ಣೆಯಲ್ಲಿ ಏನನ್ನೂ ಕರಿಯುವಂತಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ತಪ್ಪು ಮಾಡಿದ ಮೇಲೆ. ನನ್ನ ತವರು ಕೆಂಗೇರಿಯಿಂದ ಆಚೆ. ಅಲ್ಲಿ ನಮ್ಮದು ಬಸವಣ್ಣನ ಹಬ್ಬ, ಒಗ್ಗರಣೆಗೆ ಅಡ್ಡಿಯಿಲ್ಲ. ತಮಟೆ ಬಡಿದು ಊರಿಗೆ ಸುದ್ದಿ ತಿಳಿಸುವುದನ್ನು ನಾವು ಡಂಗುರ ಅನ್ನುತ್ತಿದ್ದೆವು. ಈ ಊರಿನಲ್ಲಿ ಅದಕ್ಕೆ ಸಾರು ಹಾಕುವುದು ಅನ್ನುತ್ತಿದ್ದರು. ಹಬ್ಬಕ್ಕೆ ಸಾರು ಹಾಕಿದ ಗಳಿಗೆಯಿಂದ ಒಗ್ಗರಣೆ ನಿಲ್ಲಬೇಕು. ನನ್ನ ಗ್ರಹಚಾರವೆಲ್ಲ ಆ ಎರಡು ಮಾತಿನಲ್ಲಿತ್ತು.

ಯುಗಾದಿ ಕಳೆದು ಎರಡು ವಾರವಾಗಿರಬೇಕು. ಹೊಂಗೆಯ ಹೂವು ಕಾಲ್ದಾರಿಯ ತುಂಬ ಉದುರಿತ್ತು. ಅತ್ತೆ ಕುಡುಗೋಲು ಹಿಡಿದು ಸೊಪ್ಪು ಕೊಯ್ಯಲು ಹೊರಟವರು ಬಾಗಿಲಲ್ಲಿ ನಿಂತು, "ಇವತ್ತು ಸಾರು ಹಾಕ್ತಾರೆ. ನೆಪ್ಪಿರ್ಲಿ ಕಣಮ್ಮಿ. ನಿಂಗೆ ಏನ್ ಹೇಳಿದ್ರೂ ಹ್ಞೂಂ ಅಂತೀಯ, ಅರ್ಥ ಆಯ್ತೋ ಇಲ್ವೋ ಆ ದೇವ್ರಿಗೇ ಗೊತ್ತು" ಅಂದರು.

ನಾನು ಹ್ಞೂಂ ಅಂದೆ.

ಅವರು ಹೋದ ಮೇಲೆ ಯೋಚಿಸಿದೆ. ಸಾರು ಹಾಕುತ್ತಾರೆ ಅಂದರೆ ಊಟಕ್ಕೆ ಜನ ಇರಬೇಕು. ತೋಟದ ಕೆಲಸದವರೇ ಇರಬಹುದು. ಸಾರು ಹಾಕಬೇಕಾದರೆ ಸಾರು ಇರಬೇಕಲ್ಲ? ಅತ್ತೆ ಮೊದಲ ಸಲ ನನ್ನ ಕೈಗೆ ದೊಡ್ಡ ಅಡುಗೆ ಬಿಟ್ಟಿದ್ದಾರೆ ಅಂತ ಹಿಗ್ಗಿ, ದೊಡ್ಡ ಮಡಕೆ ತೆಗೆದು ಹುರುಳಿಕಾಳಿನ ಬಸ್ಸಾರಿಗೆ ಇಟ್ಟೆ. ಹಿತ್ತಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಬೀದಿಯಲ್ಲಿ ತಮಟೆಯ ಸದ್ದು ಬಂತು. ಕೇರಿಯ ಚಿಕ್ಕಣ್ಣ ಏನೋ ಕೂಗಿ ಹೇಳುತ್ತಿದ್ದ. ಹೊಸ ಸೊಸೆ ಬೀದಿಗೆ ಬಂದು ನಿಂತು ಕೇಳುವುದುಂಟೇ? ನಾಚಿಕೆಯಾಗಿ ಒಳಗೇ ಇದ್ದೆ. ತಮಟೆ ಮುಂದೆ ಹೋಯಿತು. ನಾನು ಹುಚ್ಚೆಳ್ಳೆಣ್ಣೆ ಕಾಯಿಸಿ, ಒಂದು ಹಿಡಿ ಬೆಳ್ಳುಳ್ಳಿ, ಸಾಸಿವೆ, ಕರಿಬೇವು, ಎಂಟು ಮೆಣಸಿನಕಾಯಿ ಮುರಿದು ಹಾಕಿ, ಚೊಯ್ ಅನ್ನಿಸಿದೆ.

ಬೀದಿಗೆ ಬೀದಿಯೇ ಕೆಮ್ಮಿತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಎದುರು ಮನೆಯಲ್ಲಿ ಕೆಮ್ಮು, ಪಕ್ಕದ ಮನೆಯಲ್ಲಿ ಸೀನು, ಜಗುಲಿಯ ಮೇಲೆ ಮಲಗಿದ್ದ ನಮ್ಮ ಮಾವನಂತೂ ಎದ್ದು ಕೂತರು.

ಅತ್ತೆ ಸೊಪ್ಪಿನ ಹೊರೆಯನ್ನು ದಾರಿಯಲ್ಲೇ ಬಿಸಾಕಿ ಓಡಿ ಬಂದರು.

"ಅಯ್ಯೋ ನನ್ ತಾಯಿ! ಏನೇ ಮಾಡ್ದೆ? ಸಾರು ಹಾಕವ್ರೆ ಅಂತ ಹೇಳಿರ್ಲಿಲ್ವಾ?"

"ಅದಕ್ಕೇ ಅತ್ತೆ... ಹಾಕೋಕೆ ಇರ್ಲಿ ಅಂತ ಮಾಡ್ದೆ."

ಅತ್ತೆ ಹೊಸಿಲ ಮೇಲೆ ಕುಸಿದು ಕೂತರು. ಮಡಕೆಯನ್ನು ನೋಡಿದರು, ನನ್ನನ್ನು ನೋಡಿದರು. ನಗಬೇಕೋ ಅಳಬೇಕೋ ತಿಳಿಯದೆ ಅವರ ಬಾಯಿ ಒಂದು ಥರ ಆಯಿತು. ಆಮೇಲೆ ಎದ್ದು ಬಾಗಿಲು ಹಾಕಿ, ಮಡಕೆಯನ್ನು ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದು, ಮೇಲೆ ಬೂದಿ ಎಳೆದು ಬಂದರು.

"ಯಾರ್ ಹತ್ರನೂ ಬಾಯ್ ಬುಡ್ಬೇಡ" ಅಂದರು. ಆಗಲೇ ನನಗೆ ವಿಷಯ ತಿಳಿದದ್ದು.

ಹಬ್ಬದ ಮಂಗಳವಾರ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಗುಡಿಗೆ ಹೋಗುತ್ತಾರೆ. ನೆನೆಸಿ ಆರಿಸಿದ ಅಕ್ಕಿಯನ್ನು ಒರಳಲ್ಲಿ ಕುಟ್ಟಿ, ಬೆಲ್ಲ ಸೇರಿಸಿ ಉಂಡೆ ಮಾಡಿ, ಅದರ ನೆತ್ತಿಯಲ್ಲಿ ಗುಳಿ ಮಾಡಿ ತುಪ್ಪದ ದೀಪ ಹಚ್ಚಿ, ತಟ್ಟೆಯನ್ನು ತಲೆಯ ಮೇಲೆ ಹೊರುವುದು. ಎಲ್ಲರಿಗಿಂತ ಮುಂದೆ ಹೋಗುವ ಮೊದಲ ಆರತಿ ಹನ್ನೆರಡು ಮನೆತನಗಳಿಗೆ ಸರದಿಯ ಮೇಲೆ ಬರುತ್ತಿತ್ತು. ಮುತ್ತೈದೆಯೇ ಹೊರಬೇಕು. ಹಿಂದಿನ ಸಲ ನಮ್ಮ ಸರದಿ ಬಂದಾಗ ದಾಯಾದಿಗಳಲ್ಲಿ ಸಾವಾಗಿ ಸೂತಕ ಬಂದು ಅತ್ತೆಗೆ ತಪ್ಪಿಹೋಗಿತ್ತು. ಹನ್ನೆರಡು ವರ್ಷ ಕಾದು ಈ ವರ್ಷ ಮತ್ತೆ ಬಂದಿತ್ತು. ಒಗ್ಗರಣೆ ಹಾಕಿದ ಮನೆಗೆ ಆ ವರ್ಷ ಆರತಿಯೇ ಇಲ್ಲ. ಇನ್ನೊಂದು ಹನ್ನೆರಡು ವರ್ಷಕ್ಕೆ ಯಾರು ಹೇಗಿರುತ್ತಾರೋ. ಅತ್ತೆ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಜಗುಲಿಯಿಂದ ಮಾವನ ಕೆಮ್ಮು ಕೇಳಿದಾಗ ಒಮ್ಮೆ ಆ ಕಡೆ ತಿರುಗಿದರು, ಅಷ್ಟೇ.

ಸಂಜೆ ಗುಡಿಯ ಮುಂದೆ ಊರು ಸೇರಿತು. ಪಟೇಲರು ಕಟ್ಟೆಯ ಮೇಲೆ ಕೂತು, "ಬೆಳಿಗ್ಗೆ ಒಗ್ಗರಣೆ ಯಾರ ಮನೇದು?" ಅಂತ ಕೇಳಿದರು. ಆಮೇಲೆ ಎಲ್ಲರ ಕಣ್ಣೂ ನಮ್ಮ ಪಕ್ಕದ ಮನೆಯ ಸಿದ್ದಕ್ಕನ ಮೇಲೆ ನಿಂತಿತು. ಸಿದ್ದಕ್ಕನ ಬಾಯಿ ರುಚಿ ಊರಿಗೇ ಗೊತ್ತಿತ್ತು.

"ನಮ್ ಕಡೆ ಯಾಕ್ ನೋಡ್ತೀರ? ನಮ್ಮನೇಲಿ ಇವತ್ತು ಬರೀ ಮುದ್ದೆ, ಮಜ್ಜಿಗೆ!"

"ಹೋದ್ ವರ್ಷ ಹಬ್ಬದ್ ವಾರ ಹಪ್ಪಳ ಕರ್ದಿದ್ದು ಯಾರಮ್ಮ?"

"ಅದು ಸುಟ್ಟಿದ್ದು ಕಣ್ರೀ, ಕರ್ದಿದ್ದಲ್ಲ! ಹಪ್ಪಳಕ್ಕೆ ಯಾರಾದ್ರೂ ಬೆಳ್ಳುಳ್ಳಿ ಒಗ್ಗರಣೆ ಹಾಕ್ತಾರಾ? ಆ ವಾಸ್ನೆ ನಮ್ ಮನೆ ಕಡೆಯಿಂದ ಬಂತು, ನಮ್ ಮನೆಯಿಂದಲ್ಲ!"

"ಸಿದ್ದಕ್ಕ, ಈ ವರ್ಷ ನಿಂಗೆ ಆರತಿ ಇಲ್ಲ" ಅಂದರು ಪಟೇಲರು.

ಅಷ್ಟು ದೊಡ್ಡ ಬಾಯಿಯ ಸಿದ್ದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಈ ಊರಿಗೆ ಬಂದ ಮೊದಲ ವಾರ ಬಾವಿಯೊಳಕ್ಕೆ ಬಿಂದಿಗೆ ಜಾರಿಸಿಕೊಂಡು ನಿಂತಿದ್ದಾಗ, ಯಾರಿಗೂ ಹೇಳದೆ ಕೊಕ್ಕೆಗಳ ಪಾತಾಳಗರಡಿ ಇಳಿಸಿ ಎತ್ತಿಕೊಟ್ಟವಳು ಅವಳು. ಅತ್ತೆ ನೆಲ ನೋಡುತ್ತಿದ್ದರು.

"ನಾನು" ಅಂದೆ. ನನಗೇ ಕೇಳಿಸಲಿಲ್ಲ. "ನಾನೇ" ಅಂದೆ. ಪಕ್ಕದವರು ತಿರುಗಿದರು. "ಯಾರೋ ಏನೋ ಅಂತಾವ್ರೆ, ಜೋರಾಗ್ ಹೇಳವ್ವ" ಅಂದರು ಪಟೇಲರು. ಕಣ್ಣು ಮುಚ್ಚಿಕೊಂಡು ಕಿರುಚಿದೆ:

"ಒಗ್ಗರಣೆ ಹಾಕಿದ್ದು ನಾನೇ!"

ಬೇವಿನ ಮರದಿಂದ ಹಕ್ಕಿಗಳು ಎದ್ದವು.

ಯಾಕೆ ಅಂತ ಕೇಳಿದರು. ಸಾರು ಹಾಕುತ್ತಾರೆ ಅಂದರು, ಸಾರು ಮಾಡಿದೆ ಅಂದೆ. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕೆಂದರು, ನೋಡುತ್ತಾ ನೋಡುತ್ತಾ ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಟೇಲರೂ ಮೀಸೆಯ ಕೆಳಗೆ ನಕ್ಕರು. ಸಿದ್ದಕ್ಕ ಅಳುತ್ತಿದ್ದವಳು ಅಳುತ್ತಲೇ ನಕ್ಕಳು. ನಗದೆ ಇದ್ದವರು ಅತ್ತೆ ಒಬ್ಬರೇ.

ನಕ್ಕು ಮುಗಿದ ಮೇಲೆ ಪಟೇಲರು, "ನಗು ಬೇರೆ, ಕಟ್ಟಳೆ ಬೇರೆ. ಕೆಂಪಮ್ಮ, ಸರದಿ ಮುಂದಿನ ಮನೆಗೆ ಹೋಗ್ತೈತೆ" ಅಂದರು.

ಆಗ ಮುನಿಯಜ್ಜಿ ಗುಡಿಯ ಮೆಟ್ಟಿಲಿಂದ ತಡೆದರು. "ತಾಳಪ್ಪ. ಮಗೀಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಮಾಡ್ದೋರಿಗೆ ಅಮ್ಮ ದಾರಿ ಇಟ್ಟವ್ಳೆ." ನನ್ನ ಕಡೆ ತಿರುಗಿ, "ನೋಡವ್ವ, ಊರಿನ ಒಂದೊಂದು ಮನೆ ಬಾಗ್ಲಿಗೂ ಹೋಗಿ, ಒಗ್ಗರಣೆ ಹಾಕಿದವಳು ನಾನು, ಒಂದು ಹಿಡಿ ಅಕ್ಕಿ ಕೊಡಿ ಅಂತ ಕೇಳು. ಒಂದು ಮನೇನೂ ಬುಡ್ಬಾರ್ದು. ಆ ಅಕ್ಕೀಲಿ ತಂಬಿಟ್ಟು ಮಾಡಿದ್ರೆ ಮೊದಲ ಆರತಿ ನಿಮ್ಮತ್ತೇದೇ. ಒಂದು ಮನೆ ಬುಟ್ರೂ ಇಲ್ಲ" ಅಂದರು.

ಸಿಡುಬಿನ ದೇವಿ ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನನಗೆ ಕೊಡಲು ಸಾಧ್ಯವಿರಲಿಲ್ಲ. ಎಪ್ಪತ್ತು ಬಾಗಿಲು! ನಿಮ್ಮ ತಾತ ಗಿರಣಿಯಿಂದ ಬಂದು ಎಲ್ಲ ಕೇಳಿ, "ಅಷ್ಟು ಚೆನ್ನಾಗಿದ್ದ ಸಾರು ತಿಪ್ಪೆ ಪಾಲಾಯ್ತಲ್ಲ" ಅಂದರು. ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಸುಳ್ಳು ಹೇಳಿಸಲು ನೋಡಿದ ನಾಚಿಕೆಯೋ, ಸಿಟ್ಟೋ, ನನಗೆ ಇವತ್ತಿಗೂ ತಿಳಿಯದು.

ಮಾರನೆಯ ದಿನ ಬಿದಿರಿನ ಮೊರ ಹಿಡಿದು ಹೊರಟೆ. ಮೊದಲ ಮನೆ ಸಿದ್ದಕ್ಕನದೇ. ಬಾಗಿಲಲ್ಲಿ ನಿಂತು ಮೊರದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದೆ. "ಏನಮ್ಮ, ನಿನ್ ಹೆಸ್ರು ಮರ್ತೋಯ್ತಾ?" ಅಂದಳು. ಹೇಳಿದೆ. ಎರಡು ಹಿಡಿ ಹಾಕಿದಳು. ಪಟೇಲರ ಮನೆಯಾಕೆ, "ಒಗ್ಗರಣೆಗೆ ಇಂಗು ಹಾಕಿದ್ಯೋ ಇಲ್ವೋ?" ಅಂತ ಕೇಳಿದಳು. ಇಲ್ಲ ಅಂದದ್ದಕ್ಕೆ, "ಅದೇ ತಪ್ಪು" ಅಂದಳು. ಇನ್ನೊಂದು ಮನೆಯ ಅಜ್ಜಿಗೆ ಕಿವಿ ಕೇಳದು, ಆಕೆಗೆ ಕೂಗಿ ಹೇಳಿದ್ದು ಮುಂದಿನ ಐದು ಮನೆಗೆ ಕೇಳಿ, ಅವರು ಅಕ್ಕಿ ಹಿಡಿದು ಮೊದಲೇ ಬಾಗಿಲಿಗೆ ಬಂದು ನಿಂತಿದ್ದರು. ಮೂರು ದಿನದಲ್ಲಿ ನನ್ನ ಹೆಸರು ಒಗ್ಗರಣೆ ಜಯಮ್ಮ ಆಯಿತು. ಆ ಹೆಸರಿನಿಂದಲೇ ನನಗೆ ಈ ಊರು ಪರಿಚಯವಾಯಿತು. ಯಾರ ಮನೆಯ ಮಗು ಹಠಮಾರಿ, ಯಾರ ಎಮ್ಮೆ ಒದೆಯುತ್ತದೆ, ಯಾರ ಮನೆಯ ನೆರಳು ತಂಪು, ಎಲ್ಲವೂ ಆ ಮೂರು ದಿನದಲ್ಲಿ ಕಲಿತೆ.

ಊರು ಮುಗಿಯಿತು. ಹೊಲದಾಚೆ ಕೇರಿ ಇತ್ತು, ಎಂಟು ಗುಡಿಸಲು. ಒಂದು ಮನೆಯನ್ನೂ ಬಿಡಬಾರದು ಅಂದಿದ್ದರು ಮುನಿಯಜ್ಜಿ. ಕೇರಿಯನ್ನು ಬಿಡು ಅಂತ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೇ ಇಲ್ಲ ಅಂದುಕೊಂಡಿದ್ದರು. ನಾನು ಹೋದೆ. ದೊಡ್ಡ ಧೈರ್ಯದಿಂದ ಹೋದೆ ಅಂತ ನೀವು ತಿಳಿಯಬೇಡಿ. ಹೇಳಿದಷ್ಟನ್ನು ಮಾಡುವುದು ಬಿಟ್ಟರೆ ನನಗೆ ಇನ್ನೇನೂ ತೋಚುತ್ತಿರಲಿಲ್ಲ.

ಚಿಕ್ಕಣ್ಣ ತಮಟೆಯನ್ನು ಬಿಸಿಲಿಗೆ ಕಾಯಿಸುತ್ತಾ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. "ಇಲ್ಲಿಗ್ಯಾಕವ್ವ ಬಂದೆ? ದಾರಿ ತಪ್ತಾ?"

"ಒಗ್ಗರಣೆ ಹಾಕಿದವಳು ನಾನು, ಒಂದು ಹಿಡಿ ಅಕ್ಕಿ ಕೊಡಿ."

ಅವನ ಹೆಂಡತಿ ದೊಡ್ಡತಾಯಮ್ಮ ಒಳಗಿನಿಂದಲೇ, "ನಮ್ ಅಕ್ಕಿನಾ?" ಅಂದಳು. ಆಮೇಲೆ ಅವಳು ಹೊರಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡು ಕೆಂಪಕ್ಕಿ ಹಾಕಿದಳು. ಮೊರ ಮುಟ್ಟದಂತೆ ಮೇಲಿನಿಂದ ಹಾಕಿದಳು. ಚಿಕ್ಕಣ್ಣ, "ನಾನು ಸರ್ಯಾಗೇ ಸಾರು ಹಾಕಿದ್ದೆ ಕಣವ್ವ, ನೀನೇ ಈಚೆ ಬಂದು ಕೇಳ್ಲಿಲ್ಲ" ಅಂತ ನಕ್ಕ. ಉಳಿದ ಏಳು ಮನೆಯವರೂ ತಂದು ಹಾಕಿದರು.

ಕೊನೆಯದು ನಮ್ಮ ಮನೆ. ಅದೂ ಊರಿನ ಮನೆಯೇ. ಹೊರಗೆ ನಿಂತು, "ಅತ್ತೆ, ಒಗ್ಗರಣೆ ಹಾಕಿದವಳು ನಾನು, ಒಂದು ಹಿಡಿ ಅಕ್ಕಿ ಕೊಡಿ" ಅಂದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತೆ ಅಕ್ಕಿ ತಂದು ಮೊರಕ್ಕೆ ಹಾಕಿ, ನನ್ನ ಪಾದಗಳನ್ನು ನೋಡಿದರು. ಬೊಬ್ಬೆ ಎದ್ದಿತ್ತು. "ಒಳಗ್ ಬಾ, ಬಿಸ್ಲು" ಅಂದರು. ಅಷ್ಟು ದಿನದಲ್ಲಿ ಅದು ಮೊದಲ ಮಾತು.

ಅಷ್ಟರಲ್ಲಿ ಸುದ್ದಿ ಪಟೇಲರಿಗೆ ಹೋಗಿತ್ತು. ನಾಲ್ಕು ಜನರೊಂದಿಗೆ ನಮ್ಮ ಜಗುಲಿಗೆ ಬಂದರು. ಬೈಯಲಿಲ್ಲ, ಮೆತ್ತಗೇ ಹೇಳಿದರು. "ಕೆಂಪಮ್ಮ, ಹುಡ್ಗಿಗೆ ತಿಳೀದು. ಕೇರಿ ಅಕ್ಕಿ ಅಮ್ಮನ ತಂಬಿಟ್ಟಿಗೆ ಆಗಾಕಿಲ್ಲ. ಆ ಅಕ್ಕಿ ಬುಟ್ಬುಡು, ನಿಮ್ ಮನೆ ಅಕ್ಕೀಲೇ ಮಾಡು. ಮೊದಲ ಆರತಿ ನಿಂದೇ, ನಾನು ಹೇಳ್ತೀನಿ."

ಅತ್ತೆಗೆ ಬೇಕಾಗಿದ್ದದ್ದು ಕೈಗೇ ಬಂದಿತ್ತು. ಒಂದು ಹ್ಞೂಂ ಸಾಕಾಗಿತ್ತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ಅತ್ತೆ ಒಳಗೆ ಹೋಗಿ ಮೊರ ತಂದು ಪಟೇಲರ ಮುಂದೆ ಇಟ್ಟರು. ಬಿಳಿ ಅಕ್ಕಿ, ಕೆಂಪಕ್ಕಿ, ನುಚ್ಚು, ಎಲ್ಲ ಕಲೆತುಹೋಗಿತ್ತು.

"ಯಾವ್ ಕಾಳು ಯಾರ್ ಮನೇದು, ನೀವೇ ಆರ್ಸಿ ಕೊಡಿ ಪಟೇಲ್ರೇ. ಬೇಡ ಅಂದಿದ್ದು ತೆಗ್ದಿಡ್ತೀನಿ."

"ಕೆಂಪಮ್ಮ, ಹಠ ಬೇಡ. ಸರದಿ ಹೋದೀತು."

"ಹೋಗ್ಲಿ ಬುಡಿ. ನನ್ ಸೊಸೆ ಒಂದೊಂದು ಬಾಗ್ಲಲ್ಲೂ ತಲೆ ತಗ್ಸಿ ತಂದ ಅಕ್ಕಿ ಇದು. ಇದ್ರಲ್ಲೇ ಆದ್ರೆ ಆರತಿ. ಇಲ್ದಿದ್ರೆ ನಮ್ ಮನೆಗೆ ಆರತಿ ಬೇಡ."

ಪಟೇಲರು ಮುನಿಯಜ್ಜಿಯನ್ನು ಕರೆಸಿದರು. ಆಕೆ ಕೋಲೂರಿಕೊಂಡು ಬಂದು ಎಲ್ಲ ಕೇಳಿಸಿಕೊಂಡರು. "ನಾನು ಒಂದು ಮನೇನೂ ಬುಡ್ಬಾರ್ದು ಅಂದೆ. ಬುಟ್ಟಿಲ್ಲ. ಆ ಕಾಯಿಲೆ ವರ್ಷ ಊರೆಲ್ಲ ಓಡೋದಾಗ ಕೇರಿಯೋರು ಓಡ್ಲಿಲ್ಲ ಕಣಪ್ಪ, ಅವ್ರಿಗೆ ಹೋಗೋಕೆ ಹೊಲ ಎಲ್ಲಿತ್ತು? ಆ ತಾಯಿ ಗಂಜಿಗೆ ಅಕ್ಕಿ ಯಾರ್ ಕೊಟ್ರು ಅಂದ್ಕೊಂಡೆ?" ಅಂದರು. ಕಥೆಯ ಆ ಭಾಗವನ್ನು ಅದಕ್ಕೂ ಮುಂಚೆ ಊರಲ್ಲಿ ಒಬ್ಬರೂ ಕೇಳಿರಲಿಲ್ಲ. ಹಳೆಯದೇ ಇತ್ತೋ, ನಮ್ಮ ಜಗುಲಿಯ ಮೇಲೆ ಆಗ ಹುಟ್ಟಿತೋ, ಆಕೆಯನ್ನು ಕೇಳುವ ಧೈರ್ಯ ಯಾರಿಗಿತ್ತು? ಪಟೇಲರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದರು. "ಕುಟ್ಟಮ್ಮ" ಅಂದರು.

ಕುಟ್ಟಿದೆವು. ಒನಕೆಯ ಒಂದು ಏಟು ಅತ್ತೆಯದು, ಒಂದು ನನ್ನದು. ಸಿದ್ದಕ್ಕ ಬಂದು ಜರಡಿ ಹಿಡಿದಳು. ತಂಬಿಟ್ಟು ಬೆಳ್ಳಗೆ ಆಗಲಿಲ್ಲ. ಕೆಂಪಕ್ಕಿ ಬೆರೆತು ಗೋಧಿಯ ಬಣ್ಣಕ್ಕೆ ಬಂತು.

ಮಂಗಳವಾರ ಹೊತ್ತು ಮುಳುಗುವ ಮುಂಚೆ ಆರತಿಗಳು ಹೊರಟವು. ಮುಂದೆ ಚಿಕ್ಕಣ್ಣನ ತಮಟೆ, ಅದರ ಹಿಂದೆ ಅತ್ತೆ. ಅತ್ತೆ ಎತ್ತರದ ಹೆಂಗಸು. ಸೊಪ್ಪಿನ ಹೊರೆ ಹೊತ್ತೂ ಹೊತ್ತೂ ಆಕೆಯ ಕುತ್ತಿಗೆ ಕಂಬದ ಹಾಗಿತ್ತು. ಕೈ ಬಿಟ್ಟು ನಡೆದರು. ತಟ್ಟೆಗೆ ಸುತ್ತಿದ್ದ ಕನಕಾಂಬರದ ನಡುವೆ ದೀಪ ಅಲುಗಲಿಲ್ಲ. ಜಗುಲಿಯ ಮೇಲೆ ಮಾವ ಎದ್ದು ನಿಂತು ನೋಡಿದರು. ಹಿಂದಿನಿಂದ ನಾನು, ನನ್ನ ಪಕ್ಕ ಸಿದ್ದಕ್ಕ. "ನಿಮ್ಮತ್ತೆ ನಡಿಗೆ ನೋಡು, ಮೈಸೂರು ಮಹಾರಾಣಿ ಬಂದಂಗೈತೆ" ಅಂತ ಕಿವಿಯಲ್ಲಿ ಹೇಳಿ ನನ್ನನ್ನು ನಗಿಸಿ, ನನ್ನ ಆರತಿಯ ದೀಪ ಎರಡು ಸಲ ಆರುವ ಹಾಗೆ ಮಾಡಿದಳು.

ಒಂದು ಮಾತನ್ನು ಮುಚ್ಚಿಡಬಾರದು. ಕೇರಿಯವರ ಅಕ್ಕಿ ಅಂದು ಗುಡಿಯ ಒಳಗೆ ಹೋಯಿತು. ಕೇರಿಯವರು ಹೊಂಗೆಮರದ ಕೆಳಗೆ ಹೊರಗೇ ನಿಂತಿದ್ದರು. ಅವರು ಒಳಗೆ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. ಪೂಜೆ ಆದ ಮೇಲೆ ತಂಬಿಟ್ಟು ಮುರಿದು ಅಕ್ಕಿ ಕೊಟ್ಟ ಮನೆಗೆಲ್ಲ ಹಂಚಿದೆವು. ದೊಡ್ಡತಾಯಮ್ಮನ ಪಾಲನ್ನು ಅತ್ತೆ ತಾವೇ ಕೊಂಡುಹೋದರು. ಮೇಲಿನಿಂದ ಹಾಕಲಿಲ್ಲ, ಕೈಯಲ್ಲಿ ಇಟ್ಟರು.

ಮರುವರ್ಷ ಯಾರ ಮನೆಯಲ್ಲೂ ತಪ್ಪು ಆಗಲಿಲ್ಲ. ಆದರೂ ಮುನಿಯಜ್ಜಿ, "ಅಕ್ಕಿ ಎತ್ತೋಳು ಎಲ್ಲವ್ವ?" ಅಂತ ನನ್ನನ್ನು ಕರೆಸಿದರು. ಅದರ ಮರುವರ್ಷವೂ. ಈಗ ಪ್ರತಿ ಹಬ್ಬಕ್ಕೂ ಹುಡುಗಿಯರು ಮನೆ ಮನೆಗೆ ಬಂದು ಹಿಡಿ ಅಕ್ಕಿ ಕೇಳುತ್ತಾರಲ್ಲ, ಮೈಕಿನಲ್ಲಿ ರಾಜರ ಕಾಲದ ಪದ್ಧತಿ ಅನ್ನುತ್ತಾರಲ್ಲ, ಆ ಪದ್ಧತಿ ಇದೇ. ಮೈಕಿನವರನ್ನು ತಿದ್ದಲು ನನಗೆ ನಾಚಿಕೆ.

ಮಾವ ಮೂರು ವರ್ಷದ ಮೇಲೆ ತೀರಿಕೊಂಡರು. ಅತ್ತೆಗೆ ಮೊದಲ ಆರತಿ ಸಿಕ್ಕಿದ್ದು ಆ ಒಂದು ಸಲ. ಮುಂದೆ ಹಬ್ಬ ಬಂದಾಗೆಲ್ಲ ಅವರು ಬಾಗಿಲಲ್ಲಿ ಅಕ್ಕಿ ಹಿಡಿದು ಬೇಗನೆ ಬಂದು ನಿಲ್ಲುತ್ತಿದ್ದರು. ಆರತಿ ಹೊರುವುದಕ್ಕೆ ಮುತ್ತೈದೆ ಆಗಿರಬೇಕು, ಅಕ್ಕಿ ಕೊಡುವುದಕ್ಕೆ ಮನೆ ಇದ್ದರೆ ಸಾಕು. ನಿಮ್ಮ ತಾತ ಹೋದ ಮೇಲೆ ನಾನೂ ಹಾಗೆಯೇ ನಿಲ್ಲುತ್ತಿದ್ದೇನೆ, ನೀವು ನೋಡಿದ್ದೀರಿ.

ಈ ಹಾಳೆಗಳನ್ನು ಬೀರುವಿನಲ್ಲಿ ನಿಮ್ಮ ಸರ್ಟಿಫಿಕೇಟುಗಳ ಫೈಲಿನ ಒಳಗೆ ಇಡಿ, ಅಡುಗೆಮನೆಯ ಶೆಲ್ಫಿನಲ್ಲಿ ಬೇಡ, ಜಿರಲೆ ತಿನ್ನುತ್ತದೆ. ಗುಡಿಯ ಕಮಿಟಿಯವರು ಕೇಳಿದರೆ ಓದಲು ಕೊಡಿ. ಬರೆದುಕೊಳ್ಳುವಾಗ ಚಿಕ್ಕಣ್ಣ, ದೊಡ್ಡತಾಯಮ್ಮನ ಹೆಸರು ಬಿಟ್ಟು ಬರೆದುಕೊಂಡರೆ ಮಾತ್ರ ಹಾಳೆಗಳನ್ನು ವಾಪಸ್ಸು ಇಸಿದುಕೊಂಡು ಬನ್ನಿ. ನಾನು ನಾಚಿಕೆಯವಳು, ಜಗಳಕ್ಕೆ ಹೋಗಲಾರೆ. ನೀವು ಹೋಗಿ.